ಶ್ಯಾಡೋ ಟೀಚರ್ ಕೆಲಸ: ತಿದ್ದುವ ಮೊದಲು ಬರೆದಿಟ್ಟುಕೊಳ್ಳಬೇಕು

ಆಟಿಸಂ, ಬೌದ್ಧಿಕ ವಿಕಲತೆ, ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಇರುವ ಮಕ್ಕಳ ಜೊತೆ ತರಗತಿಯಲ್ಲೇ ಕೂತು ಕಲಿಕೆಗೂ ನಡವಳಿಕೆಗೂ ಆಸರೆಯಾಗುವವರನ್ನು ಬೆಂಗಳೂರಿನ ಶಾಲೆಗಳಲ್ಲಿ ಶ್ಯಾಡೋ ಟೀಚರ್ ಅನ್ನುತ್ತಾರೆ. ನಾನು ಮಾಡುವುದು ಇದೇ ಕೆಲಸ. "ಇವನು ಕಿರುಚೋದು ಯಾವಾಗ ನಿಲ್ಲುತ್ತೆ ಮೇಡಂ?" ಎಂದು ಎಲ್ಲರೂ ಮೊದಲ ದಿನವೇ ಕೇಳುತ್ತಾರೆ. ಯಾರಿಗೂ ಪೆಟ್ಟಾಗುವ ಭಯವಿಲ್ಲದಿದ್ದರೆ ಮೊದಲ ವಾರ ನಾನು ಏನನ್ನೂ ನಿಲ್ಲಿಸಲು ಹೋಗುವುದಿಲ್ಲ. ನೋಡುತ್ತೇನೆ, ಬರೆದಿಟ್ಟುಕೊಳ್ಳುತ್ತೇನೆ.

ಒಂದು ನೋಟ್‌ಬುಕ್, ಅದರಲ್ಲಿ ನಾಲ್ಕು ಕಾಲಂ: ಸಮಯ, ಅದಕ್ಕೆ ಮುಂಚೆ ಏನಾಯಿತು, ಮಗು ಏನು ಮಾಡಿತು, ಆ ಕೂಡಲೇ ಏನಾಯಿತು. ನಮ್ಮವರು ಎಬಿಸಿ ಚಾರ್ಟ್ ಅನ್ನುವುದು ಇದಕ್ಕೇ. ಮೂರನೇ ಕಾಲಂನಲ್ಲಿ "ಹಠ ಮಾಡಿದ" ಅಂತ ಬರೆದರೆ ಪ್ರಯೋಜನವಿಲ್ಲ. "ಪೆನ್ಸಿಲ್ ಎಸೆದ, ಬೆಂಚಿನ ಕೆಳಗೆ ನುಸುಳಿದ, 4 ನಿಮಿಷ ಅಲ್ಲೇ ಇದ್ದ" ಅಂತ ಬರೆಯಬೇಕು. ಕ್ಯಾಮೆರಾಗೆ ಕಾಣುವಷ್ಟನ್ನು ಮಾತ್ರ. ಹದಿನೈದಿಪ್ಪತ್ತು ಘಟನೆ ಸೇರಿದರೆ ಸಾಮಾನ್ಯವಾಗಿ ಜಾಡು ಸಿಗುತ್ತದೆ. ಸಮಸ್ಯೆಗಳ ಒಟ್ಟು ಚಿತ್ರ ಬೇಕಿದ್ದಾಗ ಬೌದ್ಧಿಕ ವಿಕಲತೆಗಾಗಿ ಸಿಕಂದರಾಬಾದಿನಲ್ಲಿರುವ ರಾಷ್ಟ್ರೀಯ ಸಂಸ್ಥೆ 1992ರಲ್ಲಿ ತಂದ ಬೇಸಿಕ್-ಎಂಆರ್ ಮಾಪನದ ಎರಡನೇ ಭಾಗ ಬಳಸುತ್ತೇನೆ. ಅದರಲ್ಲಿ 75 ನಡವಳಿಕೆಗಳಿವೆ, ಒಂದೊಂದಕ್ಕೂ 0, 1 ಅಥವಾ 2 ಅಂಕ. ಆದರೆ ಅದು ಹೇಳುವುದು ಏನು, ಎಷ್ಟು ಅನ್ನುವುದನ್ನು. ಯಾಕೆ ಅನ್ನುವುದಕ್ಕೆ ನೋಟ್‌ಬುಕ್ಕೇ ಬೇಕು.

ಅದಕ್ಕೂ ಮುಂಚೆ ಮೈಯಲ್ಲಿ ಏನಾದರೂ ತೊಂದರೆ ಇದೆಯಾ ನೋಡಬೇಕು. ಮಾತು ಬಾರದ ಮಗು ಇದ್ದಕ್ಕಿದ್ದಂತೆ ತಲೆ ಬಡಿದುಕೊಳ್ಳತೊಡಗಿದರೆ ಕಿವಿನೋವು, ಹಲ್ಲುನೋವು, ಮಲಬದ್ಧತೆ ಇರಬಹುದು. ಕೆಲವು ಕ್ಷಣ ನೋಟ ನೆಟ್ಟು, ಕರೆದರೂ ಮುಟ್ಟಿದರೂ ಓಗೊಡದಿದ್ದರೆ ಅದನ್ನು "ಗಮನ ಇಲ್ಲ" ಎಂದು ತಳ್ಳಿಹಾಕಬೇಡಿ, ಮೂರ್ಛೆರೋಗದ ಒಂದು ಬಗೆ ಹೀಗೂ ಕಾಣುತ್ತದೆ. ಸಮಯ ಬರೆದಿಟ್ಟು, ನರರೋಗ ತಜ್ಞರಿಗೆ ತೋರಿಸಲು ತಂದೆತಾಯಿಗೆ ಹೇಳಿ.

ಚಾರ್ಟ್ ಓದುವಾಗ ನಾನು ಹುಡುಕುವ ಕಾರಣಗಳು ನಾಲ್ಕೇ: ಗಮನ ಸೆಳೆಯಲು, ಕೆಲಸ ತಪ್ಪಿಸಿಕೊಳ್ಳಲು, ಬೇಕಾದ ವಸ್ತು ಪಡೆಯಲು, ಇಲ್ಲವೇ ಆ ಕ್ರಿಯೆಯೇ ದೇಹಕ್ಕೆ ಹಿತ ಅನಿಸುವುದರಿಂದ. ನೋಡಲು ಒಂದೇ ಥರ ಇರುವ ಎರಡು ಕಿರುಚಾಟಗಳ ಕಾರಣ ಬೇರೆ ಬೇರೆ ಇರಬಹುದು. ಆಗ ಪರಿಹಾರವೂ ಬೇರೆ.

ಮೂರನೇ ಕ್ಲಾಸಿನ ಹುಡುಗ, ಬೋರ್ಡಿನ ಮೇಲೆ ಹತ್ತು ಸಾಲು, ಅದನ್ನು ನೋಡಿ ಬರೆಯಬೇಕು. ಎರಡನೇ ಸಾಲಿಗೆ ಪೆನ್ಸಿಲ್ ಹಾರುತ್ತದೆ. ಟೀಚರ್ "ಹೊರಗೆ ನಿಲ್ಲು" ಅನ್ನುತ್ತಾರೆ. ಟೀಚರಿಗೆ ಅದು ಶಿಕ್ಷೆ, ಹುಡುಗನಿಗೆ ಬಿಡುಗಡೆ. ನಾಳೆ ಮೊದಲ ಸಾಲಿಗೇ ಎಸೆಯುತ್ತಾನೆ. ಇಲ್ಲಿ ಎರಡು ಕೆಲಸ ಒಟ್ಟಿಗೆ ಆಗಬೇಕು. ಒಂದು, ಬರೆಯುವುದನ್ನೇ ಹಗುರ ಮಾಡುವುದು. ಬೋರ್ಡಿನ ಸಾಲುಗಳನ್ನು ಹಾಳೆಯಲ್ಲಿ ಬರೆದು ಡೆಸ್ಕಿನ ಮೇಲೇ ಇಡುತ್ತೇನೆ, ಹತ್ತರ ಬದಲು ಮೂರು ಸಾಲು. ಕತ್ತೆತ್ತಿ ನೋಡಿ, ನೆನಪಿಟ್ಟು, ಮತ್ತೆ ಜಾಗ ಹುಡುಕುವ ಶ್ರಮದಲ್ಲೇ ಅರ್ಧ ಸಿಟ್ಟು ಇರುತ್ತದೆ. ಎರಡನೆಯದು ಬ್ರೇಕ್ ಕಾರ್ಡ್. ಮೂರಿಂಚು ಚೌಕದ ದಪ್ಪ ಹಾಳೆ, ಒಂದು ಚಿತ್ರ, ಕೆಳಗೆ "ಸ್ವಲ್ಪ ಬಿಡುವು ಬೇಕು", ಲ್ಯಾಮಿನೇಷನ್, ಹಿಂದೆ ವೆಲ್ಕ್ರೋ. ಡೆಸ್ಕಿನ ಮೂಲೆಯಲ್ಲಿ ಸದಾ ಅಂಟಿರಬೇಕು, ಬ್ಯಾಗಿನೊಳಗಿದ್ದರೆ ಇದ್ದೂ ಇಲ್ಲದಂತೆ.

ಕಾರ್ಡ್ ಕಲಿಸುವುದು ಸಮಾಧಾನದಲ್ಲಿರುವಾಗ, ಅಳುವಾಗ ಅಲ್ಲ. ಪ್ರತಿ ಹುಡುಗನಿಗೂ ಎಸೆಯುವ ಮುಂಚಿನ ಸೂಚನೆ ಇರುತ್ತದೆ: ಕಾಲು ಅಲುಗಾಡುತ್ತದೆ, ಪೆನ್ಸಿಲ್ ಹಿಡಿದ ಬೆರಳು ಬಿಳಿಚುತ್ತದೆ. ಆಗ ಹಿಂದಿನಿಂದ, ಒಂದು ಮಾತೂ ಆಡದೆ, ಅವನ ಕೈಯನ್ನು ಕಾರ್ಡಿನತ್ತ ಒಯ್ಯುತ್ತೇನೆ. ಮುಂದೆ ನಿಂತು "ಕಾರ್ಡ್ ಕೊಡು, ಕಾರ್ಡ್ ಕೊಡು" ಅಂದರೆ ಹೇಳಿಸಿಕೊಂಡ ಮೇಲೆ ಕೊಡುವುದನ್ನಷ್ಟೇ ಕಲಿಯುತ್ತಾನೆ. ಕಾರ್ಡ್ ಕೈಗೆ ಬಂದ ಎರಡು ಮೂರು ಸೆಕೆಂಡಿನೊಳಗೆ ಬಿಡುವು ಸಿಗಬೇಕು, ಎರಡು ನಿಮಿಷದ ಮರಳು ಗಡಿಯಾರ ಇಟ್ಟು. ಮೊದಮೊದಲು ಒಂದೇ ಪೀರಿಯಡ್‌ನಲ್ಲಿ ಹತ್ತು ಸಲ ಕೇಳಿದರೂ ಹತ್ತು ಸಲವೂ ಕೊಡುತ್ತೇನೆ. "ಹೀಗಾದರೆ ಬರೆಯೋದು ಯಾವಾಗ?" ಎಂದು ಟೀಚರ್ ಕೇಳುವುದು ಇಲ್ಲೇ, ಅವರ ಚಿಂತೆ ನ್ಯಾಯವಾದದ್ದೇ. ಆದರೆ ಎಸೆಯುವುದಕ್ಕಿಂತ ಕೇಳುವುದು ಬೇಗ, ಸಲೀಸು ಎಂದು ಅವನಿಗೆ ಖಾತ್ರಿಯಾಗುವ ತನಕ ಬಿಗಿ ಮಾಡಿದರೆ ಪೆನ್ಸಿಲ್ ಮತ್ತೆ ಹಾರುತ್ತದೆ. ಎಸೆತ ನಿಂತ ಮೇಲೆ "ಒಂದು ಸಾಲು, ಆಮೇಲೆ ಬಿಡುವು", ನಂತರ ಎರಡು ಸಾಲು, ಹೀಗೆ ಏರಿಸುತ್ತೇನೆ. ಮನಶ್ಶಾಸ್ತ್ರಜ್ಞರಾದ ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡ್ಯುರಾಂಡ್ 1985ರಲ್ಲೇ ತೋರಿಸಿದ್ದು ಇದನ್ನು: ನಡವಳಿಕೆಯ ಕಾರಣಕ್ಕೆ ಹೊಂದುವಂತೆ ಕೇಳುವುದನ್ನು ಕಲಿಸಿದರೆ ಸಮಸ್ಯೆ ಇಳಿಯುತ್ತದೆ, ಹೊಂದದ್ದನ್ನು ಕಲಿಸಿದರೆ ಇಳಿಯುವುದಿಲ್ಲ. ಕೆಲಸ ಕಷ್ಟವಾಗಿ ಎಸೆಯುವವನಿಗೆ "ಶಭಾಷ್" ಕೊಟ್ಟು ಫಲವಿಲ್ಲ.

ಗಮನಕ್ಕಾಗಿ ಬೆಂಚು ಒದೆಯುವ ಮಗುವಿನ ವಿಷಯದಲ್ಲಿ "ನೋಡದಂತೆ ಇದ್ದುಬಿಡಿ" ಎಂಬ ಸಲಹೆ ಸುಲಭವಾಗಿ ಸಿಗುತ್ತದೆ. ಹಾಗೆ ಇದ್ದುಬಿಟ್ಟರೆ ಒದೆತ ಮೊದಲು ಹೆಚ್ಚಾಗಬಹುದು, ಅದು ಸಹಜ. ಮೂರನೇ ದಿನ ಯಾರೋ ಒಬ್ಬರು ತಡೆಯಲಾರದೆ ತಿರುಗಿ ಗದರಿದರೆ, ಇನ್ನೂ ಜೋರಾಗಿ ಒದ್ದರೆ ಗಮನ ಸಿಗುತ್ತದೆ ಎಂದು ನಾವೇ ಕಲಿಸಿದಂತಾಯಿತು. ಆದ್ದರಿಂದ ಕ್ಲಾಸ್ ಟೀಚರ್, ಆಯಾ, ಮನೆಯಲ್ಲಿ ಅಜ್ಜಿ, ಎಲ್ಲರೂ ಒಪ್ಪಿದ ಮೇಲಷ್ಟೇ ಶುರು ಮಾಡಬೇಕು. ಜೊತೆಗೆ, ಸುಮ್ಮನೆ ಕೂತಿರುವಾಗ ಆಗಾಗ ಹೋಗಿ ಮಾತಾಡಿಸಬೇಕು, ಇಲ್ಲದಿದ್ದರೆ ಮಗುವಿಗೆ ಗಮನ ಸಿಗುವ ದಾರಿಯೇ ಉಳಿಯುವುದಿಲ್ಲ. ತಲೆ ಬಡಿದುಕೊಳ್ಳುವುದು, ಕಚ್ಚಿಕೊಳ್ಳುವುದನ್ನು ಯಾವತ್ತೂ ನೋಡದಂತೆ ಇರಬಾರದು. ನಡುವೆ ದಿಂಬನ್ನೋ ಅಂಗೈಯನ್ನೋ ಇಟ್ಟು ತಡೆಯಿರಿ, ಮಾತು ಕಡಿಮೆ ಇರಲಿ.

ಸರ್ಕಾರಿ ಶಾಲೆಯಲ್ಲಿ ಕೆಲವು ಮಕ್ಕಳಿಗೆ ಅತಿ ಕಷ್ಟದ ಹೊತ್ತು ಬಿಸಿಯೂಟ. ನೂರು ಸ್ಟೀಲ್ ತಟ್ಟೆಗಳ ಸದ್ದು, ಸಾಂಬಾರಿನ ವಾಸನೆ, ನೂಕುನುಗ್ಗಲು. ಐದು ನಿಮಿಷ ಮುಂಚೆ ಕರೆದೊಯ್ದು, ಗೋಡೆ ಬದಿಯ ಸಾಲಿನ ಕೊನೆಯಲ್ಲಿ ಕೂರಿಸಿದರೆ ಎಷ್ಟೋ ರಂಪ ಹುಟ್ಟುವುದೇ ಇಲ್ಲ. ಇಂಥ ಶಾಲೆಗಳಿಗೆ ಬರುವ ಬಿಐಇಆರ್‌ಟಿ (ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕರು) ತಾಲ್ಲೂಕಿನ ಹಲವು ಶಾಲೆ ಸುತ್ತಬೇಕು, ದಿನವೂ ಇರಲಾರರು. ಯೋಜನೆ ಒಂದೇ ಪುಟದಲ್ಲಿದ್ದರೆ ಮಾತ್ರ ಕ್ಲಾಸ್ ಟೀಚರ್ ಅದನ್ನು ನಡೆಸಬಲ್ಲರು.

ಬಹುಮಾನದ ಟೋಕನ್ ಬೋರ್ಡನ್ನು (ಸ್ಟಿಕರ್ ತುಂಬಿದಾಗ ಬಹುಮಾನ ಸಿಗುವ ಹಲಗೆ) ಎರಡು ಸ್ಟಿಕರಿನಿಂದ ಶುರು ಮಾಡಿ, ಹತ್ತರಿಂದ ಅಲ್ಲ. ಊಟ, ಆಟದ ಪೀರಿಯಡ್ ಕಸಿದು ಶಿಕ್ಷೆ ಕೊಡುವುದನ್ನು ನಾನು ಒಪ್ಪುವುದಿಲ್ಲ. ಹೊಡೆತದ ಮಾತಂತೂ ಇಲ್ಲ: 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿದೆ.

ಇನ್ನು ನಾವು ಹಿಂದೆ ಸರಿಯುವ ಕೆಲಸ. ಇದನ್ನು ಯೋಜನೆಯಲ್ಲೇ ಬರೆದಿರಬೇಕು. ಮೊದಲು ಪಕ್ಕದಲ್ಲಿ, ಆಮೇಲೆ ಒಂದು ತೋಳಿನಷ್ಟು ಹಿಂದೆ, ನಂತರ ಕೊನೆಯ ಬೆಂಚು, ಕಡೆಗೆ ಬಾಗಿಲ ಹೊರಗೆ. ಪಕ್ಕದ ಹುಡುಗಿ ರಬ್ಬರ್ ಕೇಳಿದರೆ ಅವನ ಪರವಾಗಿ ನಾನು ಉತ್ತರಿಸುವುದಿಲ್ಲ, ಮನಸ್ಸಿನಲ್ಲೇ ಐದು ಎಣಿಸಿ ಕಾಯುತ್ತೇನೆ. "ಪುಸ್ತಕ ತೆಗೀರಿ" ಎಂದು ಟೀಚರ್ ಹೇಳಿದಾಗ ಅವನು ತಿರುಗಿ ನನ್ನ ಮುಖ ನೋಡಿದರೆ ನಾನಿನ್ನೂ ತೀರಾ ಹತ್ತಿರ ಕೂತಿದ್ದೇನೆ ಎಂದರ್ಥ, ಮರುದಿನ ಒಂದು ಬೆಂಚು ಹಿಂದೆ ಹೋಗುತ್ತೇನೆ.