ನನ್ನ ಮಂತ್ರವೆಲ್ಲ ಕ್ರಯಪತ್ರದಿಂದ ಬಂದಿದ್ದು

ನಾನು ಬರೆದ ಮೊದಲ ಫ್ಯಾಂಟಸಿ ಕಾದಂಬರಿಯಲ್ಲಿ ಹಿಮ ಬೀಳುತ್ತಿತ್ತು. ನಾನು ಸಾಗರ ತಾಲ್ಲೂಕಿನವಳು. ಆಕಾಶದಿಂದ ಮಳೆ ಬಿಟ್ಟು ಬೇರೇನೂ ಬಿದ್ದಿದ್ದು ನೋಡಿದವಳಲ್ಲ. ನಾಯಕಿ ಮೂರು ದಿನ ಕುದುರೆ ಮೇಲೆ ಹೋಗುತ್ತಾಳೆ, ಎಲ್ಲೂ ಅದಕ್ಕೆ ನೀರು ಕುಡಿಸುವುದಿಲ್ಲ. ಓದಿದ ಗೆಳತಿ ಕೇಳಿದಳು, "ಇದು ಕುದುರೆನಾ, ಬೈಕಾ?" 180 ಪುಟ ಎತ್ತಿ ಅಟ್ಟಕ್ಕೆ ಹಾಕಿದೆ.

ಆಮೇಲೆ ಎಲ್ಲರೂ ಹೇಳುವ ಹಾಗೆ, "ನಿನಗೆ ಗೊತ್ತಿರುವುದನ್ನೇ ಬರೆ" ಎಂದು ನನಗೆ ನಾನೇ ಹೇಳಿಕೊಂಡೆ. ನನಗೆ ಗೊತ್ತಿದ್ದದ್ದು ಮುಳುಗಡೆ.

ಅಜ್ಜಿಯ ಊರು ಶರಾವತಿ ಹಿನ್ನೀರಿನ ಅಡಿಯಲ್ಲಿದೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದಿದ್ದು 1964ರಲ್ಲಿ. ನಮ್ಮ ಮನೆಯಲ್ಲಿ ಇಸವಿ ಲೆಕ್ಕ ಇರಲಿಲ್ಲ. ಮದುವೆ, ಹೆರಿಗೆ, ಜಗಳ ಎಲ್ಲವೂ ಒಂದೋ ಮುಳುಗಡೆಗೆ ಮುಂಚೆ ಆಗಿದ್ದು, ಇಲ್ಲವೇ ಮುಳುಗಡೆ ಆದ ಮೇಲೆ ಆಗಿದ್ದು.

ನನಗೆ ಹತ್ತು ವರ್ಷ ಇದ್ದಾಗ ಒಂದು ಬೇಸಿಗೆಯಲ್ಲಿ ನೀರು ತುಂಬಾ ಇಳಿದಿತ್ತು. ಅಜ್ಜಿ ನನ್ನನ್ನು ಕರೆದುಕೊಂಡು ಹೋದಳು. ಒಣಗಿ ಬಿರಿದ ಕೆಸರು. ಅಲ್ಲಲ್ಲಿ ಕರಿ ಬೊಡ್ಡೆಗಳು. ನೆಲದಿಂದ ಒಂದು ಗೇಣು ಮೇಲೆದ್ದ ಜಂಬಿಟ್ಟಿಗೆಯ ಸಾಲು. ನಾನು ಅದನ್ನು ಸುಮ್ನೆ ದಾಟಿ ಆ ಕಡೆ ಹೋದೆ. ಹಿಂದಿನಿಂದ ಅಜ್ಜಿ ಗದರಿದಳು: "ತಂಗೀ, ಚಪ್ಪಲಿ ಬಿಡು. ಅದು ಅಡುಗೆಮನೆ."

ಗೋಡೆ ಇಲ್ಲ, ಮಾಡು ಇಲ್ಲ, ಬಾಗಿಲಿಲ್ಲ. ನೆಲ ಕಾದು ಸುಡುತ್ತಿತ್ತು. ಚಪ್ಪಲಿ ಬಿಟ್ಟೆ. ಅಜ್ಜಿ ಒಂದು ಮೂಲೆಗೆ ಹೋಗಿ ಕಾಲಲ್ಲಿ ಮಣ್ಣು ಸರಿಸಿದಳು. ಒರಳುಕಲ್ಲು ಸಿಕ್ಕಿತು. ಕೂತು, ಗುಳಿಯಲ್ಲಿ ತುಂಬಿದ್ದ ಕೆಸರನ್ನು ಬೆರಳಲ್ಲಿ ಬಗೆದು ತೆಗೆದಳು, ನಾಳೆ ಬೆಳಗ್ಗೆ ದೋಸೆಗೆ ಅರೆಯಬೇಕು ಅನ್ನುವ ಹಾಗೆ. "ಲಾರಿಯವನು ಭಾರ ಆಗುತ್ತೆ ಅಂದ. ಬಿಟ್ಟು ಬಂದೆ" ಎಂದಳು. ಕೈ ಸೆರಗಿಗೆ ಒರೆಸಿಕೊಂಡು ಎದ್ದಳು, ಅಷ್ಟೇ.

ಇದನ್ನೇ ಕಾದಂಬರಿ ಮಾಡಲು ಹೊರಟೆ, ಎರಡನೇ ಸಲ ಕೆಟ್ಟೆ. ಅಜ್ಜಿಯನ್ನು ಭವಿಷ್ಯ ಹೇಳುವ ಮುದುಕಿ ಮಾಡಿದೆ. ಪ್ರತಿ ಪುಟದಲ್ಲೂ ಕಣ್ಣೀರು. ಅಮ್ಮ ಓದಿ, "ನಿಮ್ಮಜ್ಜಿ ಹೀಗೆ ಮಾತಾಡಿದ್ದನ್ನ ಈ ಮನೆಗೆ ಬಂದ ಮೇಲೆ ನಾನು ಒಂದು ದಿನವೂ ಕೇಳಿಲ್ಲ. ಕೇಳಿದ್ದೆಲ್ಲ ಬೈಗುಳ" ಎಂದಳು. ಸೊಸೆಯ ಸಾಕ್ಷಿ ಎಂದು ಬೇಕಾದರೆ ತಳ್ಳಿಹಾಕಬಹುದಿತ್ತು. ಆದರೆ ನಿಜ ಅದೇ. ನಾನು ದುಃಖವನ್ನು ಎತ್ತಿ ತಂದಿದ್ದೆ, ಅಜ್ಜಿಯನ್ನು ಅಲ್ಲೇ ಬಿಟ್ಟು ಬಂದಿದ್ದೆ.

ಆ ಹೊತ್ತಿಗೆ 'ದ ಲಾರ್ಡ್ ಆಫ್ ದ ರಿಂಗ್ಸ್' ಕಾದಂಬರಿಯ ಟೋಲ್ಕಿನ್ 1960ರಲ್ಲಿ ಬರೆದ ಒಂದು ಪತ್ರ ಓದಿದೆ. 1916ರಲ್ಲಿ ಫ್ರಾನ್ಸಿನ ಸೋಮ್ ಕದನದಲ್ಲಿ ಇದ್ದ ಮನುಷ್ಯ ಅವರು. ಯುದ್ಧ ತನ್ನ ಕಥೆಯ ಓಟದ ಮೇಲೆ ಪ್ರಭಾವ ಬೀರಿಲ್ಲ, ಬಂದಿದ್ದರೆ ನೆಲದ ಚಿತ್ರದಲ್ಲಿ ಬಂದಿರಬಹುದು ಎನ್ನುತ್ತಾರೆ. ನೀರಿನಡಿ ಸತ್ತವರ ಮುಖ ಕಾಣುವ ಅವರ ಜೌಗು ನೆಲಕ್ಕೆ ಆ ಕದನದ ನಂತರದ ಉತ್ತರ ಫ್ರಾನ್ಸಿನ ಋಣ ಇದೆಯಂತೆ. ನನಗೆ ಇದು ಪೂರ್ತಿ ಒಪ್ಪಿಗೆಯಾಗಲಿಲ್ಲ. ಯುದ್ಧ ನೋಡಿದವರ ಕಥೆಗೆ ಯುದ್ಧ ಅಷ್ಟಕ್ಕೇ ನಿಲ್ಲುತ್ತದಾ? ಆದರೂ ಒಂದು ದಾರಿ ಕಂಡಿತು. ನಡೆದಿದ್ದನ್ನು ಬಿಟ್ಟು, ನಡೆದ ಜಾಗದ ಕಟ್ಟಳೆ ಏನಿತ್ತು ಎಂದು ಹುಡುಕತೊಡಗಿದೆ.

ಸಿಕ್ಕಿದ್ದು ಅಪ್ಪನ ಟ್ರಂಕಿನಲ್ಲಿ. ಮುಳುಗಡೆಯಿಂದ ಎದ್ದು ಬಂದವರಿಗೆ ಕೊಟ್ಟ ಜಾಗಕ್ಕೆ ಹಕ್ಕುಪತ್ರ ಮಾಡಿಸಲು ಅಪ್ಪ ಅರ್ಧ ಆಯಸ್ಸು ಅಲೆದಿದ್ದರು. ದೆವ್ವ ಬರಬಾರದು ಎಂದು ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆಯುತ್ತಾರಲ್ವಾ, ಒಂದು ಕಚೇರಿಯಲ್ಲಿ ಅಪ್ಪನಿಗೆ ಅದನ್ನೇ ಬಾಯಲ್ಲಿ ಹೇಳುತ್ತಿದ್ದರು. (ನನ್ನ ಕಾದಂಬರಿಯ ಜಲಕಾವಲುಗಾರರು ಮಾತಾಡುವುದು ಈ ಎರಡೇ ಪದ.) ಆ ಕಾಗದಗಳ ಕಟ್ಟಿನಲ್ಲಿ ಮುಳುಗಿದ ಗದ್ದೆಯ ಹಳೇ ಕ್ರಯಪತ್ರ ಇತ್ತು. ಅದರ ಕೊನೆಯಲ್ಲಿ ಚಕ್ಕುಬಂದಿ, ಅಂದರೆ ನಾಲ್ಕೂ ದಿಕ್ಕಿನ ಗಡಿ: ಮೂಡಲಿಗೆ ಸೊಪ್ಪಿನಬೆಟ್ಟ, ಪಡುವಲಿಗೆ ಕಮ್ಮಾರರ ಗದ್ದೆ, ತೆಂಕಲಿಗೆ ಹಳ್ಳ, ಬಡಗಲಿಗೆ ದೊಡ್ಡಮನೆಯವರ ತೋಟ.

ಜೋರಾಗಿ ಓದಿ ನೋಡಿ. ಮಂತ್ರ ಅಲ್ವಾ ಇದು?

ಅಲ್ಲಿಂದ ಕಾದಂಬರಿ ತಾನೇ ನಡೆಯಿತು. ನನ್ನ ಕಥೆಯ ಲೋಕದಲ್ಲಿ ಮುಳುಗಿದ ಹೊಲವನ್ನು ನೀರಿನಿಂದ ಎಬ್ಬಿಸಬಹುದು. ಅದರ ಚಕ್ಕುಬಂದಿಯನ್ನು ತಪ್ಪಿಲ್ಲದೆ ಹೇಳಬೇಕು. ತೊಡಕು ಏನೆಂದರೆ, ನನ್ನ ಗದ್ದೆ ಎಲ್ಲಿದೆ ಎಂದು ಹೇಳುವುದು ಪಕ್ಕದವನ ಗದ್ದೆ. ಅವನು ತನ್ನದನ್ನು ಮರೆತರೆ ನನ್ನದೂ ಏಳುವುದಿಲ್ಲ. ಅಕ್ಕಪಕ್ಕದವರು ಲಾರಿ ಹತ್ತಿ ಒಂದೊಂದು ದಿಕ್ಕಿಗೆ ಹೋಗಿಬಿಟ್ಟಿದ್ದಾರೆ. ಅವರನ್ನು ಹುಡುಕಿಕೊಂಡು ಹೋಗುವುದೇ ನಾಯಕಿಯ ಪಯಣ. ರಾಕ್ಷಸ, ಖಡ್ಗ ಏನೂ ಬೇಕಾಗಲಿಲ್ಲ. ಪಕ್ಕದ ಮನೆಯವರ ಹಳೇ ಬೇಲಿ ಜಗಳವೇ ಸಾಕಾಯಿತು.

ಕುದುರೆಯ ಜಾಗಕ್ಕೆ ಹಿನ್ನೀರು ದಾಟಿಸುವ ಲಾಂಚ್ ಬಂತು. ಆಚೆ ದಡದ ತುಮರಿ ಕಡೆ ನಮಗೆ ನೆಂಟರಿದ್ದರು. ಮದುವೆ ಮನೆಯಲ್ಲಿ ಊಟದ ಎಲೆ ಮುಂದೆ ಕೂತಿದ್ದರೂ ದೊಡ್ಡವರ ಕಣ್ಣೆಲ್ಲ ಗಡಿಯಾರದ ಮೇಲೆ. ಹೊಳೆಬಾಗಿಲಲ್ಲಿ ಕೊನೇ ಲಾಂಚ್ ತಪ್ಪಿದರೆ ಆ ರಾತ್ರಿ ಆ ದಡದಲ್ಲೇ. ಹೆರಿಗೆ ನೋವು ಬಂದವಳಿಗೂ ಅದೇ ಕಾನೂನು. ಕಥೆಯಲ್ಲಿ ಓದುಗರು ಪುಟ ತಿರುಗಿಸಬೇಕೆಂದರೆ ಇದಕ್ಕಿಂತ ಜಾಸ್ತಿ ಏನು ಬೇಕು? 2025ರ ಜುಲೈನಲ್ಲಿ ಅಲ್ಲಿ ಸೇತುವೆ ಉದ್ಘಾಟನೆ ಆಯಿತು. ನನಗೆ ಖುಷಿಯೇ ಆಯಿತು. ಕಥೆಗಾರ್ತಿಯಾಗಿ ಸ್ವಲ್ಪ ಹೊಟ್ಟೆ ಉರಿದದ್ದೂ ಸುಳ್ಳಲ್ಲ.

ಒಂದು ತಮಾಷೆ. ಹಸ್ತಪ್ರತಿ ನೋಡಿದವರೊಬ್ಬರು ಎಲ್ಲ ಒಪ್ಪಿದರು. ಒರಳುಕಲ್ಲಿನೊಳಗೆ ವಾಸವಿರುವ ಚೌಡಿಯನ್ನೂ ಒಪ್ಪಿದರು. ನೀರು ಇಳಿದಾಗ ಅಡಿಯಿಂದ ಇನ್ನೊಂದು ಹಳೇ ಅಣೆಕಟ್ಟು ಕಾಣಿಸುತ್ತದೆ ಎಂಬ ಕಡೆ ಮಾತ್ರ ಗೆರೆ ಎಳೆದು, "ಇದು ಅತಿಯಾಯಿತು" ಎಂದು ಬರೆದರು. ಇಡೀ ಪುಸ್ತಕದಲ್ಲಿ ನಾನು ಕಲ್ಪಿಸದೆ ಹಾಗೇ ಇಟ್ಟದ್ದು ಅದೊಂದೇ! ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು 1948ರಲ್ಲಿ ಮುಗಿದಿತ್ತು. ಹದಿನಾರೇ ವರ್ಷಕ್ಕೆ ಲಿಂಗನಮಕ್ಕಿ ಅದನ್ನೂ ನುಂಗಿತು. ಮಳೆ ಕಡಿಮೆಯಾದ ವರ್ಷ ಬೇಸಿಗೆಯಲ್ಲಿ ಈಗಲೂ ಎದ್ದು ನಿಲ್ಲುತ್ತದೆ. ಆ ಭಾಗ ತೆಗೆಯಲಿಲ್ಲ, ಹಠ ಮಾಡಿ ಉಳಿಸಿಕೊಂಡೆ.

ಅಡುಗೆಮನೆಯನ್ನೂ ಇಟ್ಟಿದ್ದೇನೆ. ಹೊಲ ಎದ್ದ ದಿನ ಜನರೆಲ್ಲ, ಇಲ್ಲದೇ ಇರುವ ಬಾಗಿಲ ಮುಂದೆ ಚಪ್ಪಲಿ ಬಿಡುತ್ತಾರೆ. ಯಾಕೆ ಎಂದು ಎಲ್ಲೂ ವಿವರಿಸಿಲ್ಲ. ಯಾರೂ ಅಳುವುದೂ ಇಲ್ಲ.

ಪುಸ್ತಕ ಬಂದ ಮೇಲೆ ದೊಡ್ಡಪ್ಪನಿಗೆ ಒಂದು ಪ್ರತಿ ಕೊಟ್ಟೆ. ಮುಳುಗಡೆ ಹೊತ್ತಿಗೆ ಅವರಿಗೆ ಹನ್ನೆರಡು ವರ್ಷ. ಕಥೆ ಹೇಗಿದೆ ಅಂತ ಹೇಳಲೇ ಇಲ್ಲ. ಮಂತ್ರ ಇದ್ದ ಪುಟಕ್ಕೆ ಬೆರಳಿಟ್ಟು, "ಇದು ತಪ್ಪು ಮಾರಾಯ್ತಿ. ಕಮ್ಮಾರರ ಗದ್ದೆ ಆಗಲೇ ನಾವು ತಗೊಂಡಿದ್ವಿ. ಪತ್ರ ಹಳೇದು" ಎಂದರು.

ಈಗ ಎರಡನೇ ಭಾಗ ಬರೆಯುತ್ತಿದ್ದೇನೆ. ಅದರಲ್ಲಿ ಆ ಗದ್ದೆ ಮತ್ತೆ ಮುಳುಗಿದೆ, ಎಷ್ಟು ಹೇಳಿದರೂ ಏಳುತ್ತಿಲ್ಲ. ಊರವರೆಲ್ಲ ಸೇರಿ ಕಾರಣ ಹುಡುಕುತ್ತಿದ್ದಾರೆ.