ಬ್ರೌಸರ್ ಬದಲಾಯಿಸುವವರಿಗೆ ಒಂದು ಮಾತು

ಡೊಂಬಿವಲಿಯ ನಮ್ಮ ಕನ್ನಡದವರೇ, ಹೊಸ ಬ್ರೌಸರ್ ಹಾಕಿಕೊಂಡರೆ ಹಳೆಯದನ್ನು ಕೂಡಲೇ ತೆಗೆಯಬೇಡಿ. ಹದಿನೈದು ದಿನ ಎರಡೂ ಇರಲಿ. ಬುಕ್‌ಮಾರ್ಕ್‌ಗಳು ಇಂಪೋರ್ಟ್ ಕೊಟ್ಟರೆ ಬಂದುಬಿಡುತ್ತವೆ, ಅದರ ಚಿಂತೆ ಬೇಡ. ಪಾಸ್‌ವರ್ಡ್‌ಗಳನ್ನು ಸಿಎಸ್‌ವಿ ಫೈಲಾಗಿ ಇಳಿಸಿಕೊಂಡರೆ ಮಾತ್ರ ಹುಷಾರು, ಅದರಲ್ಲಿ ಎಲ್ಲವೂ ಚೀಟಿಯಲ್ಲಿ ಬರೆದಿಟ್ಟ ಹಾಗೆ ಇರುತ್ತದೆ, ಯಾರು ತೆರೆದರೂ ಸಲೀಸಾಗಿ ಓದಬಹುದು. ಕೆಲಸ ಮುಗಿದ ತಕ್ಷಣ ಅಳಿಸಿ, ರೀಸೈಕಲ್ ಬಿನ್ನಿಂದಲೂ. ನಮ್ಮ ಅತ್ತೆಯವರ ಲ್ಯಾಪ್‌ಟಾಪ್‌ನಲ್ಲಿ ಅಂಥ ಫೈಲ್ ಆರು ತಿಂಗಳು ಸುಮ್ನೆ ಬಿದ್ದಿತ್ತು, ಲೈಟ್ ಬಿಲ್ಲಿನ ಪಿಡಿಎಫ್ ಪಕ್ಕದಲ್ಲೇ! ನೋಡಿ ಎದೆ ಧಸಕ್ಕೆಂದಿತು.

ಇನ್ನೊಂದು. ಬ್ರೇವ್, ಒಪೆರಾ, 2020ರಿಂದ ಎಡ್ಜ್ ಕೂಡ ಕ್ರೋಮ್‌ಗೂ ಬುನಾದಿಯಾದ ಕ್ರೋಮಿಯಂ ಮೇಲೆಯೇ ಕಟ್ಟಿದವು, ಹಾಗಾಗಿ ಕ್ರೋಮ್‌ನ ಎಕ್ಸ್‌ಟೆನ್ಷನ್‌ಗಳು (ಬ್ರೌಸರ್‌ಗೆ ನಾವೇ ಸೇರಿಸಿಕೊಳ್ಳುವ ಪುಟ್ಟ ಸೌಲಭ್ಯಗಳು) ಅಲ್ಲಿ ಬಹುತೇಕ ನಡೆಯುತ್ತವೆ. ಫೈರ್‌ಫಾಕ್ಸ್‌ನ ಎಂಜಿನ್ನೇ, ಅಂದರೆ ಪುಟಗಳನ್ನು ತೋರಿಸುವ ಒಳಭಾಗವೇ ಬೇರೆ, ಅದರ ಹೆಸರು ಗೆಕೊ. ಹಾಗಾಗಿ ಹೆಚ್ಚಿನ ಎಕ್ಸ್‌ಟೆನ್ಷನ್‌ಗಳನ್ನು ಮತ್ತೆ ಫೈರ್‌ಫಾಕ್ಸ್‌ನ ಪುಟದಿಂದಲೇ ಹಾಕಿಕೊಳ್ಳಬೇಕು. ನನಗಂತೂ ಫೈರ್‌ಫಾಕ್ಸೇ ಇಷ್ಟ.