ರೂಪಕಕ್ಕೆ ಆರೋ ಏಳೋ? ಮಕ್ಕಳಿಗೆ ಸಂಗೀತದ ಪದಗಳನ್ನು ಕಲಿಸಿದ ನನ್ನ ಅನುಭವ

"ರೂಪಕ ತಾಳಕ್ಕೆ ಎಷ್ಟು ಎಣಿಕೆ?" ಅಂತ ಕೇಳಿದೆ. ಎಡಗಡೆ ಸಾಲು "ಆರು" ಅಂತ ಕೂಗಿತು. ಬಲಗಡೆ ಸಾಲು "ಏಳು" ಅಂತ ಕೂಗಿತು. ಹಿಂದೆ ಕುರ್ಚಿ ಹಾಕಿಕೊಂಡು ಕೂತಿದ್ದ ಅಪ್ಪ ಅಮ್ಮಂದಿರು ಮುಖ ಮುಖ ನೋಡಿಕೊಂಡರು. ಹೆಡ್‌ಮಾಸ್ಟರು ಸುಮ್ನೆ ಕೆಮ್ಮಿದರು.

ಎರಡೂ ಸರಿಯಾದ ಉತ್ತರವೇ. ನಮ್ಮ ಕರ್ನಾಟಕಿ ರೂಪಕಕ್ಕೆ ಆರು, ಹಿಂದುಸ್ತಾನಿ ರೂಪಕಕ್ಕೆ ಏಳು. ಆದರೆ ಅವತ್ತು ಅದನ್ನು ವಿವರಿಸಲು ಹೋಗಿ ನಾನೇ ತೊದಲಿದೆ. ಹಾಸನದ ಹೊರಗೆ, ಬೇಲೂರು ರಸ್ತೆ ಕಡೆಯ ಒಂದು ಶಾಲೆ. ಮೂರು ವರ್ಷದ ಹಿಂದಿನ ಮಾತು. ಕಾರ್ಯಕ್ರಮ ಮುಗಿದ ಮೇಲೆ ಹಿರಿಯ ಮೇಷ್ಟ್ರೊಬ್ಬರು, ನನಗಿಂತ ತುಂಬಾ ದೊಡ್ಡ ವಿದ್ವಾಂಸರು, ಹತ್ತಿರ ಬಂದು "ಏನಮ್ಮಾ, ಒಂದನ್ನೇ ಸರಿಯಾಗಿ ಕಲಿಸೋಕೆ ಹತ್ತು ವರ್ಷ ಬೇಕು. ನೀನು ಮೂರನ್ನೂ ಒಟ್ಟಿಗೆ ಹುರಿಯೋಕೆ ಹೊರಟಿದ್ದೀಯಲ್ಲ" ಅಂದರು. ನಾನು ಹಲ್ಲುಕಚ್ಚಿ ನಕ್ಕೆ.

ಕರ್ನಾಟಕಿ, ಹಿಂದುಸ್ತಾನಿ, ವೆಸ್ಟರ್ನ್ ಈ ಮೂರನ್ನು ಒಟ್ಟಿಗೆ ತಂದಿದ್ದು ನಾನಲ್ಲ, ಮಕ್ಕಳು. ಒಬ್ಬಳು ಮನೆಪಾಠದಲ್ಲಿ ಸರಳೆ ವರಸೆ ಹಾಡುತ್ತಾಳೆ, ಶನಿವಾರ ಪೇಟೆಗೆ ಹೋಗಿ ಕೀಬೋರ್ಡ್ ಕಲಿಯುತ್ತಾಳೆ. ಇನ್ನೊಬ್ಬ ಭಜನೆ ಗುಂಪಿನಲ್ಲಿ ಹಾರ್ಮೋನಿಯಂ ಹಿಡಿಯುತ್ತಾನೆ. ಗಣಪತಿ ಕೂರಿಸಿದಾಗ ಎಲ್ಲರೂ ಆರ್ಕೆಸ್ಟ್ರಾದ ಮುಂದೆ ನಿಂತಿರುತ್ತಾರೆ. ಆಮೇಲೆ ನನ್ನ ಹತ್ತಿರ ಬಂದು "ಮಿಸ್, ಇದು ಯಾವ ಸ್ಕೇಲ್?" ಅಂತಾರೆ. ಅವರು ಕೇಳುತ್ತಿರುವುದು ಶ್ರುತಿಯನ್ನು, ಅಂದರೆ ಹಾಡಿನ 'ಸ' ಯಾವ ಎತ್ತರದಲ್ಲಿದೆ ಅನ್ನುವುದನ್ನು. ಕೀಬೋರ್ಡ್ ಮೇಷ್ಟ್ರು ಸ್ಕೇಲ್ ಅಂದರೆ ಸ್ವರಗಳ ಸಾಲು. ಪಾಪ ಮಗು ಏನು ಮಾಡಬೇಕು?

ಮೊದಲು ನಾನು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ಫ್ಲೆಕ್ಸ್ ಮಾಡಿಸಿದೆ. ಆರಡಿ ಅಗಲ, ನಾಲ್ಕಡಿ ಎತ್ತರ, ಸುಮಾರು 1,100 ರೂಪಾಯಿ, ನನ್ನದೇ ಕೈಯಿಂದ. ಮೂರು ಕಾಲಂ. ಶ್ರುತಿ ಅಂದರೆ ಪಿಚ್, ಲಯ ಅಂದರೆ ಟೆಂಪೋ, ತಾಳ ಅಂದರೆ ರಿದಮ್, ರಾಗ ಅಂದರೆ ಸ್ಕೇಲ್. ಮಕ್ಕಳು ಎರಡೇ ವಾರದಲ್ಲಿ ಬಾಯಿಪಾಠ ಮಾಡಿದರು. ನನಗೆ ಖುಷಿಯೋ ಖುಷಿ.

ತಿಂಗಳಾದ ಮೇಲೆ ಹಾನಿ ಗೊತ್ತಾಯಿತು. ಏಳನೇ ಕ್ಲಾಸಿನ ಹುಡುಗ ಕೀಬೋರ್ಡಿನಲ್ಲಿ ಮೋಹನದ ಐದು ಸ್ವರಗಳನ್ನು ಮೇಲೆ ಒಂದು ಸಲ, ಕೆಳಗೆ ಒಂದು ಸಲ ಒತ್ತಿ, "ಮೋಹನ ರಾಗ ಆಯ್ತು ಮಿಸ್" ಅಂದ. ರಾಗ ಅಂದರೆ ಬರೀ ಸ್ವರಗಳ ಸಾಲಲ್ಲ, ಆ ಸ್ವರಗಳನ್ನು ಹಾಡುವ ರೀತಿಯೂ ಸೇರಿದ್ದು. ಆದರೆ ಚಾರ್ಟಿನ ಪ್ರಕಾರ ಅವನು ಹೇಳಿದ್ದು ತಪ್ಪಲ್ಲ. ರಾಗ ಅಂದರೆ ಸ್ಕೇಲ್ ಅಂತ ಬರೆಸಿದವಳು ನಾನೇ ಅಲ್ವಾ? ಆ ಫ್ಲೆಕ್ಸ್ ಈಗ ಮಳೆಗಾಲದಲ್ಲಿ ನಮ್ಮ ಯಜಮಾನರ ಸ್ಕೂಟರಿಗೆ ಹೊದಿಕೆ. ಒಳ್ಳೆ ಗಟ್ಟಿ ಸಾಮಾನು, ಅದನ್ನಂತೂ ಒಪ್ಪಬೇಕು.

ಆಮೇಲೆ ಒಂದಷ್ಟು ದಿನ ಜಲತರಂಗದ ಹುಚ್ಚು ಹಿಡಿಯಿತು. ಶ್ರುತಿ ಅಂದರೆ ಏನು ಅಂತ ಕಣ್ಣಿಗೇ ಕಾಣಿಸಬೇಕು ಅಂತ. ಮೊದಲು ಸ್ಟೀಲ್ ಲೋಟ ಇಟ್ಟೆ, ಟಣ್ ಟಣ್ ಅಂದಿತೇ ಹೊರತು ಸ್ವರ ನಿಲ್ಲಲಿಲ್ಲ. ಪಿಂಗಾಣಿ ಬಟ್ಟಲು ತಂದೆ, ಎಂಟು ಬಟ್ಟಲಿಗೆ 900 ರೂಪಾಯಿ ಹತ್ತಿರ ಆಯಿತು. ಮೊದಲ ವಾರವೇ ಎರಡು ಒಡೆದವು. ಷಡ್ಜಕ್ಕೆ ಸೇರಿಸಿಟ್ಟ ನೀರನ್ನು ಒಬ್ಬ ಕುಡಿದೇಬಿಟ್ಟ, ಬಾಯಾರಿಕೆಯಂತೆ. ಒಂದು ಲಾಭ ಆಯಿತು ನೋಡಿ. ಬಟ್ಟಲಿಗೆ ನೀರು ಜಾಸ್ತಿ ಹಾಕಿದರೆ ನಾದ ಕೆಳಗೆ ಇಳಿಯುತ್ತದೆ ಅಂತ ನಾನು ತೋರಿಸುತ್ತಿದ್ದೆ. ಹಿಂದಿನ ಬೆಂಚಿನ ಹುಡುಗಿ ತನ್ನ ನೀರಿನ ಬಾಟಲಿಯ ಬಾಯಿಗೆ ಊದಿ, "ಮಿಸ್, ಇದರಲ್ಲಿ ನೀರು ಜಾಸ್ತಿ ಇದ್ದರೆ ಮೇಲೆ ಹೋಗುತ್ತೆ!" ಅಂದಳು. ಹೌದು, ಬಟ್ಟಲಲ್ಲಿ ಅದುರುವುದು ಬಟ್ಟಲು, ನೀರು ಸೇರಿದಷ್ಟೂ ಭಾರ. ಬಾಟಲಿಯಲ್ಲಿ ಅದುರುವುದು ಉಳಿದ ಗಾಳಿ. ಗಾಳಿ ಕಡಿಮೆಯಾದಷ್ಟೂ ನಾದ ಮೇಲೆ. ಅವತ್ತಿನ ಪೀರಿಯಡ್ ಪೂರ್ತಿ ಊದುವುದರಲ್ಲೇ ಹೋಯಿತು. ಪಕ್ಕದ ಕ್ಲಾಸಿನ ಗಣಿತದ ಮೇಷ್ಟ್ರು ಎರಡು ಸಲ ಬಂದು ಹೋದರು.

ದಾರಿ ಸಿಕ್ಕಿದ್ದು ಹಾಜರಿ ಪುಸ್ತಕದಲ್ಲಿ. ನಮ್ಮ ಎಂಟನೇ ಕ್ಲಾಸಿನಲ್ಲಿ ಮೂವರು ಮಂಜುನಾಥರಿದ್ದರು. ಹಾಜರಿ ಕೂಗುವಾಗ ಎಚ್. ಮಂಜುನಾಥ, ಬಿ. ಮಂಜುನಾಥ, ಟಿ. ಮಂಜುನಾಥ. ಯಾರೂ ಗೊಂದಲ ಮಾಡಿಕೊಳ್ಳುತ್ತಿರಲಿಲ್ಲ. ಅವರಲ್ಲೇ ಒಬ್ಬನನ್ನು ಮನೆಯಲ್ಲಿ ಪುಟ್ಟ ಅಂತಾರೆ, ಆಟದ ಬಯಲಲ್ಲಿ ಬುಲೆಟ್ ಅಂತಾರೆ. ಅದಕ್ಕೂ ಯಾರೂ ಗೊಂದಲ ಮಾಡಿಕೊಳ್ಳುತ್ತಿರಲಿಲ್ಲ. ನನಗೆ ತಟ್ಟನೆ ಹೊಳೆಯಿತು. ಇರುವುದು ಎರಡೇ ತೊಂದರೆ. ಒಂದು ಸಾಮಾನಿಗೆ ಮೂರು ಹೆಸರು, ಅದು ಅಡ್ಡಹೆಸರು. ಒಂದು ಹೆಸರಿಗೆ ಮೂರು ಸಾಮಾನು, ಅದಕ್ಕೆ ಇನಿಶಿಯಲ್ ಬೇಕು. ನಾನು ಇಷ್ಟು ದಿನ ಎರಡನ್ನೂ ಒಂದೇ ಚಾರ್ಟಿಗೆ ತುರುಕಿದ್ದೆ.

ನಮ್ಮ ಜಿಲ್ಲೆಯಲ್ಲಿ ಇನಿಶಿಯಲ್ ಬಗ್ಗೆ ಹೇಳಿಕೊಡಬೇಕೇ? ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದಿಂದ ಬಂದ ವಿದ್ವಾಂಸರ ಸಾಲೇ ಇದೆ. ಆರ್.ಕೆ. ಶ್ರೀಕಂಠನ್ ಅವರ ಹೆಸರಿನ ಮೊದಲ 'ಆರ್' ಅಂದರೆ ರುದ್ರಪಟ್ಟಣ. ಮಕ್ಕಳಿಗೆ ಇದನ್ನು ಹೇಳಿ, "ಸಂಗೀತದ ಪದಗಳಿಗೂ ಊರಿನ ಹೆಸರು ಹಾಕೋಣ್ವಾ?" ಅಂದೆ. ಅವರೇ ಅಕ್ಷರ ಆರಿಸಿದರು. ಕರ್ನಾಟಕಿಗೆ ಕೆ, ಹಿಂದುಸ್ತಾನಿಗೆ ಎಚ್, ವೆಸ್ಟರ್ನ್‌ಗೆ ಡಬ್ಲ್ಯು, ಆರ್ಕೆಸ್ಟ್ರಾದವರಿಗೆ ಓ.

ಅಲ್ಲಿಂದ ಕೆ. ರೂಪಕ ಆರು, ಎಚ್. ರೂಪಕ ಏಳು. ಕೆ. ಸ್ಥಾಯಿ ಅಂದರೆ ದನಿಯ ಎತ್ತರ, ಕೆಳಗಿನ ಮಂದ್ರ, ನಡುವಿನ ಮಧ್ಯ, ಮೇಲಿನ ತಾರ. ಎಚ್. ಸ್ಥಾಯಿ ಅಂದರೆ ಹಾಡಿನ ಮೊದಲ ಭಾಗ, ಅದಾದ ಮೇಲೆ ಅಂತರಾ. ನಮ್ಮ ಸ್ಥಾಯಿಗೆ ಅವರು ಸಪ್ತಕ ಅಂತಾರೆ. ಡಬ್ಲ್ಯು. ಸ್ಕೇಲ್ ಸ್ವರಗಳ ಸಾಲು, ಓ. ಸ್ಕೇಲ್ ಬರೀ ಶ್ರುತಿ. ಕೆ. ತಾನ ಬೇರೆ, ಎಚ್. ತಾನ್ ಬೇರೆ. ಹಿಂದೋಳ ರಾಗದ ಹತ್ತಿರ ಬಂದಾಗ ಮಕ್ಕಳು ಕುಣಿದಾಡಿದರು. ಕೆ. ಹಿಂದೋಳಕ್ಕೆ ಹಿಂದುಸ್ತಾನಿಯಲ್ಲಿ ಮಾಲಕೌಂಸ್ ಅಂತ ಅಡ್ಡಹೆಸರು. ಎಚ್. ಹಿಂದೋಲ್ ಬೇರೆಯೇ ರಾಗ. ಅಡ್ಡಹೆಸರೂ ಇದೆ, ಇನಿಶಿಯಲ್ಲೂ ಬೇಕು, ಥೇಟ್ ಮಂಜುನಾಥನ ಹಾಗೆ.

ಅಡ್ಡಹೆಸರಿನ ಪಟ್ಟಿ ಸುಲಭ. ಓ. ಸ್ಕೇಲ್ ಜಿ ಅಂದರೆ ನಮ್ಮ ಐದು ಮನೆ ಶ್ರುತಿ, ಹಾರ್ಮೋನಿಯಂನವರ ಬಿಳಿ ಐದು. ಕೀಬೋರ್ಡಿನ ಒಂದೇ ಕೀ ಒತ್ತಿ ಮೂರು ಹೆಸರು ಕೂಗಿಸಿದರೆ ಮುಗಿಯಿತು. ಶಂಕರಾಭರಣ, ಬಿಲಾವಲ್, ಮೇಜರ್ ಸ್ಕೇಲ್ ಮೂರನ್ನೂ ಅಡ್ಡಹೆಸರಿಗೆ ಸೇರಿಸಿ ಅಂತ ಒಬ್ಬ ಹಟ ಹಿಡಿದ. ಸೇರಿಸಲಿಲ್ಲ. ಮೂರೂ ಅದೇ ಸ್ವರ ಒತ್ತಿಸುತ್ತವೆ, ನಿಜ. ಆದರೆ ಗಮಕ, ಅಂದರೆ ಸ್ವರವನ್ನು ಅಲುಗಿಸಿ ಜಾರಿಸುವ ರೀತಿ, ಅದನ್ನೆಲ್ಲಿ ಬಿಟ್ಟೆ ಅಂತ ಕೇಳಿ ಹಾಡಿ ತೋರಿಸಿದೆ. "ಹಂಗಾದ್ರೆ ಇವು ಅಣ್ಣತಮ್ಮಂದಿರು" ಅಂತ ಅವನೇ ತೀರ್ಮಾನ ಮಾಡಿದ. ಹೀಗೆ ಮೂರನೇ ಪಟ್ಟಿ ಹುಟ್ಟಿತು.

ಇನ್ನು ನೆಲ. ಪದ ಬಾಯಿಗೆ ಬರುವ ಮೊದಲು ಕಾಲಿಗೆ ಬರಬೇಕು ಅನ್ನುವುದು ನನ್ನ ಹಟ. ಜಗಲಿಯಲ್ಲಿ ಎಂಟು ಚೌಕ ಬೇಕಿತ್ತು. ರಂಗೋಲಿಯಲ್ಲಿ ಹಾಕಿದೆ, ಮಧ್ಯಾಹ್ನದೊಳಗೆ ಆಯಮ್ಮ ಗುಡಿಸಿದರು. ಸೀಮೆಸುಣ್ಣದಲ್ಲಿ ಹಾಕಿದೆ, ಜುಲೈ ಮಳೆಯ ಎರಚಲು ತೊಳೆದುಕೊಂಡು ಹೋಯಿತು. ಪೇಂಟ್ ಮಾಡಿಸಲು ಹೆಡ್‌ಮಾಸ್ಟರು ಎರಡು ತಿಂಗಳು ಒಪ್ಪಲಿಲ್ಲ. "ಕುಂಟೆಬಿಲ್ಲೆ ಆಡಿಸ್ತೀರಾ ಮಿಸ್?" ಅಂದರು. ಕೊನೆಗೆ ಪೇಂಟು, ಬ್ರಷ್ಷು ಸೇರಿ 700 ರೂಪಾಯಿ ಚಿಲ್ಲರೆ, ಅದೂ ನನ್ನದೇ. ನನಗೆ ಪೀರಿಯಡ್‌ಗೆ ಸಿಗುತ್ತಿದ್ದದ್ದು 200 ರೂಪಾಯಿ. ಲೆಕ್ಕ ನೀವೇ ಹಾಕಿ.

ಒಂದು ದಿನದ ಪಾಠ ಹೇಳುತ್ತೇನೆ. ಒಬ್ಬಳು ಎಂಟು ಚೌಕದಲ್ಲಿ ಒಂದೊಂದೇ ಹೆಜ್ಜೆ ಇಡುತ್ತಾಳೆ, ಎಂಟಾದ ಮೇಲೆ ಮತ್ತೆ ಒಂದಕ್ಕೆ, ಆ ಒಂದೇ ಸಮ. ಮೊದಲ ಗುಂಪು ಆದಿತಾಳ ಹಾಕುತ್ತದೆ. ತಟ್ಟು, ಮೂರು ಬೆರಳು, ತಟ್ಟು ತಿರುಗಿಸು, ತಟ್ಟು ತಿರುಗಿಸು. ಎರಡನೇ ಗುಂಪು ಬೆಂಚಿನ ಮೇಲೆ ಹಿಂದುಸ್ತಾನಿ ತಾಳ ಕೆಹರವಾ ಬಾರಿಸುತ್ತದೆ. ಧಾ ಗೆ ನ ತಿ, ನ ಕ ಧಿ ನ. ಐದನೇ ಚೌಕಕ್ಕೆ ಕಾಲು ಬಿದ್ದಾಗ ಇವರದು ಖಾಲಿ, ಅಂದರೆ ತಟ್ಟದೆ ಬಿಡುವ ಎಣಿಕೆ. ಆದಿತಾಳದವರದು ತಟ್ಟು. ಮೂರನೇ ಗುಂಪು ಒನ್ ಟೂ ತ್ರೀ ಫೋರ್ ಅಂತ ಎರಡು ಸಲ ಎಣಿಸುತ್ತದೆ. ಅವರಿಗೆ ಎಂಟು ಚೌಕ ಅಂದರೆ ಎರಡು ಬಾರ್. ನಡೆಯುವವಳ ಕಾಲು ಒಂದೇ, ಕೈಗಳು ಮೂರು ಬಗೆ. ತಾಳ, ಸಮ, ಖಾಲಿ, ಬೀಟ್, ಬಾರ್ ಈ ಐದೂ ಪದ ಆ ಇಪ್ಪತ್ತು ನಿಮಿಷದಲ್ಲಿ ಕೂತುಕೊಂಡವು. ವ್ಯಾಖ್ಯಾನ ಒಂದನ್ನೂ ಬರೆಸಲಿಲ್ಲ.

ಏಳನೇ ಚೌಕದವರೆಗೆ ಮಾತ್ರ ನಡೆಸಿದರೆ ಎಚ್. ರೂಪಕ, ಮೂರು ಎರಡು ಎರಡು. ನಮ್ಮ ತಿಶ್ರ ತ್ರಿಪುಟ ತಾಳವೂ ಮೂರು ಎರಡು ಎರಡೇ. ಆದರೆ ಅವರದು ಖಾಲಿಯಿಂದಲೇ ಶುರು. ಇಲ್ಲಿ ಮಕ್ಕಳು ಇನ್ನೂ ಎಡವುತ್ತಾರೆ. ಸುಳ್ಳು ಯಾಕೆ ಹೇಳಲಿ.

ಅತಿ ಹೆಚ್ಚು ಒದ್ದಾಡಿಸಿದ್ದು ಲಯ. ಎರಡನೇ ಕಾಲದಲ್ಲಿ, ಅಂದರೆ ಎರಡರಷ್ಟು ವೇಗದಲ್ಲಿ, ಹಾಡಿ ಅಂದರೆ ತಾಳ ಹಾಕುವ ಕೈಯೂ ಓಡುತ್ತದೆ. ಕೈ ಅಲ್ಲೇ ಇರಬೇಕು, ಸ್ವರ ಎರಡರಷ್ಟಾಗಬೇಕು. ಕೀಬೋರ್ಡಿನವರ ಪುಸ್ತಕದಲ್ಲಿ ಕ್ವಾರ್ಟರ್ ನೋಟ್ ಹೋಗಿ ಎಯ್ತ್ ನೋಟ್ ಆಗುವುದು ಇದೇ. ಟೆಂಪೋ ಹೆಚ್ಚುವುದು ಅಂದರೆ ನಡೆಯುವವಳೇ ಬೇಗ ನಡೆಯುವುದು. ಫೋನಿನ ಮೆಟ್ರೋನೋಮ್ 60ಕ್ಕೆ ಇಟ್ಟರೆ ಸೆಕೆಂಡಿಗೆ ಒಂದು ಹೆಜ್ಜೆ. ಹಾಗಿಟ್ಟರೂ ನಡೆಯುವವಳು ಮೂರನೇ ಕಾಲಕ್ಕೆ ಬಂದಾಗ ಓಡಲು ಶುರು ಮಾಡುತ್ತಿದ್ದಳು. ಅವಳನ್ನು ನಿಧಾನಕ್ಕೆ ಕಟ್ಟಿಹಾಕಲು ಒಂದು ಉಪಾಯ ಮಾಡಿದ್ದೇನೆ, ಖರ್ಚು ಐದು ರೂಪಾಯಿ. ಅದನ್ನು ಇಲ್ಲಿ ಬರೆಯಲ್ಲ. ಶಾಲೆಗೆ ಬಂದು ನೋಡಿ.

ಟೆಂಪೋಗೆ ಪರೀಕ್ಷೆ ಅಂತ ಬೆಳಗಿನ ಪ್ರಾರ್ಥನೆಯಲ್ಲಿ ರಾಷ್ಟ್ರಗೀತೆಗೆ ಸ್ಟಾಪ್‌ವಾಚ್ ಹಿಡಿಸಿದೆ. ಸುಮಾರು 52 ಸೆಕೆಂಡಿನಲ್ಲಿ ಮುಗಿಯಬೇಕು. ನಮ್ಮದು ಮೊದಲ ದಿನ ಒಂದು ನಿಮಿಷ ದಾಟಿತು. ಮೂರನೇ ವಾರಕ್ಕೆ 53, 54ಕ್ಕೆ ಬಂದು ನಿಂತಿತು. ಹೆಡ್‌ಮಾಸ್ಟರು ನನ್ನ ಪೇಂಟಿನ ಬಗ್ಗೆ ಮಾತು ನಿಲ್ಲಿಸಿದ್ದು ಅವತ್ತಿನಿಂದಲೇ.

ನಡುವೆ ವೀರಗಾಸೆಯನ್ನೂ ಸೇರಿಸಲು ಹೋದೆ. ಒಬ್ಬ ಹುಡುಗನ ಅಪ್ಪ ಕರಡೆ ವಾದ್ಯ ಬಾರಿಸುತ್ತಾರೆ, ಕರೆಸಿದೆ. ತಾಳದ ಹೆಸರು ಕೇಳಿದರೆ ಅವರು ಹೇಳಲಿಲ್ಲ, ಬಾರಿಸಿದರು. ಮಕ್ಕಳು ಎಂಟರ ಚೌಕದಲ್ಲಿ ನಡೆಯಲು ಹೋಗಿ ಡಿಕ್ಕಿ ಹೊಡೆದುಕೊಂಡರು. ಮೂರು ಮೂರಾಗಿ ನಡೆದಾಗ ಕಾಲು ಕೂತಿತು. ಆ ಪೆಟ್ಟಿಗೆ ಯಾವ ಇನಿಶಿಯಲ್ ಅಂತ ಇನ್ನೂ ತೀರ್ಮಾನ ಆಗಿಲ್ಲ. ಕುಣಿತದ ನಡುವಿನ ಒಡಪು, ಅಂದರೆ ದೇವರ ಕಥೆಯ ಮಾತು, ಹೇಳಿದಾಗ ಮಾತ್ರ ಕ್ಲಾಸು ಗಪ್‌ಚುಪ್.

ಕಳೆದ ವರ್ಷ ಅದೇ ಹಿರಿಯ ಮೇಷ್ಟ್ರನ್ನು ನಾನೇ ಹೋಗಿ ಕರೆದುಕೊಂಡು ಬಂದೆ. ಮಕ್ಕಳು ಸುಮಾರು 40 ಜನ. ಮೇಷ್ಟ್ರು ಕೇಳಿದ್ದು ಒಂದೇ ಪ್ರಶ್ನೆ. "ರೂಪಕ ತಾಳಕ್ಕೆ ಎಷ್ಟು ಎಣಿಕೆ?" ನನ್ನ ಎದೆ ಢವಢವ. ಇಡೀ ಕ್ಲಾಸು ಒಟ್ಟಿಗೆ ಕೂಗಿತು, "ಯಾವ ಇನಿಶಿಯಲ್ ಸಾರ್?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಚಪ್ಪಲಿ ಬಿಟ್ಟು ಒಂದನೇ ಚೌಕದ ಮೇಲೆ ನಿಂತು, "ಕೆ. ಹಾಕ್ರೋ, ನಾನು ನಡೀತೀನಿ" ಅಂದರು.